ಸೈಕಲ್ಲು ಕೊಟ್ಟರು, ಹಾದಿ ಎಲ್ಲಿ?

ಹೈದರಾಬಾದಿನ ಹೊರವರ್ತುಲ ರಸ್ತೆಯ ಪಕ್ಕ 2023ರಲ್ಲಿ 23 ಕಿಲೋಮೀಟರ್ ಸೈಕಲ್ ಹಾದಿ ತೆರೆದರು. ಸವಾರರಿಗೆ ಬಿಸಿಲು ತಾಗದಂತೆ ಸೌರಫಲಕಗಳ ಚಪ್ಪರ ಬೇರೆ! ಆಗಲಿ, ಸಂತೋಷ. ಅದೇ ಹೈದರಾಬಾದಿಗೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿ ನಮ್ಮ ಬಸವಕಲ್ಯಾಣ, ಹುಮನಾಬಾದ ತಾಲೂಕುಗಳನ್ನು ಹಾಯ್ದೇ ಹೋಗುತ್ತದೆ. ಇಲ್ಲಿ ಸೈಕಲ್ಲು ವಿಹಾರದ ವಸ್ತುವಲ್ಲ. ಕೂಲಿಯವನ, ಹಾಲು ಮಾರುವವನ, ಶಾಲೆಯ ಹುಡುಗಿಯ ಕಾಲು ಅದು. ಅವರ ಪಾಲಿಗೆ ಲಾರಿಯ ಮಗ್ಗುಲಿನ ಧೂಳು.

2006-07ರಿಂದ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಿತು. ಹಾದಿಯನ್ನು ಮಾತ್ರ ಜತೆಗೆ ಕೊಡಲಿಲ್ಲ. ಮಾಸ್ತರಿಕೆ ಮಾಡಿದ ನಾನೂ ತಡವಾಗಿ ಬಂದವರನ್ನು ಗದರಿಸಿದ್ದುಂಟು. ಎಂಥ ರಸ್ತೆಯಲ್ಲಿ ತುಳಿದು ಬಂದಿರೆಂದು ಕೇಳಲಿಲ್ಲ.

ಹೆದ್ದಾರಿ ದಿಲ್ಲಿಯವರದೆಂದು ಪುರಸಭೆ, ನಗರಸಭೆಗಳವರು ಸುಮ್ಮನೆ ಕೂಡಲಾಗದು. ಸೈಕಲ್ ಹಾದಿಯ ನಿಯಮಗಳನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಬರೆದಿಟ್ಟಿದೆ. ಊರೊಳಗಿನ ಬೀದಿಗಳಂತೂ ಅವರವೇ, ಅಲ್ಲಿಂದ ಮೊದಲಿಡಲಿ. ಹೆದ್ದಾರಿಯಂಚಿನ ಹಳ್ಳಿಗಳವರು ಗ್ರಾಮಸಭೆಯಲ್ಲಿ ಠರಾವು ಮಾಡಿ ಹೆದ್ದಾರಿ ಪ್ರಾಧಿಕಾರಕ್ಕೆ ಕಳಿಸಲಿ. ನಕ್ಷೆ ಬರೆಯುವಾಗ ಇಂಜಿನಿಯರರ ಪಕ್ಕದಲ್ಲಿ ಸೈಕಲ್ಲು ತುಳಿಯುವವರೂ ಕೂತಿರಬೇಕು. ಜೀಪಿನಲ್ಲಿ ಬಂದವರಿಗೆ ತಗ್ಗು ಎಲ್ಲಿದೆಯೆಂಬುದು ಗೊತ್ತಾಗದು.