ಕೈಯ ತೊಡಕು ಬುದ್ಧಿಯ ತೊಡಕಲ್ಲ

ಮನೆಮನೆಯಲ್ಲಿಯೂ ಕೇಳಿಬರುವ ಮಾತೊಂದುಂಟು: "ನಮ್ಮ ಹುಡುಗ ಬಾಯಲ್ಲಿ ಎಲ್ಲವನ್ನೂ ಹೇಳುತ್ತಾನೆ, ಬರೆಯೆಂದರೆ ಮಾತ್ರ ಸೋಮಾರಿ." ಅವನ ಪುಸ್ತಕವನ್ನು ತೆರೆದರೆ ಅಕ್ಷರಗಳು ಗೆರೆಯನ್ನು ಬಿಟ್ಟು ಏರಿಳಿದಿರುತ್ತವೆ, ಒತ್ತಕ್ಷರವು ಕೆಳಗಿನ ಸಾಲಿನ ಮೇಲೆ ಬಿದ್ದಿರುತ್ತದೆ, ಸೀಸದ ಕಡ್ಡಿಯ ಒತ್ತಿಗೆ ಕಾಗದವು ಹರಿದಿರುತ್ತದೆ. ಇದೇ ಮಗುವು ಅಂಗಿಯ ಗುಂಡಿ ಹಾಕಿಕೊಳ್ಳುವುದರಲ್ಲಿಯೂ, ಚೆಂಡು ಹಿಡಿಯುವುದರಲ್ಲಿಯೂ, ಚೆಲ್ಲದೆ ಉಣ್ಣುವುದರಲ್ಲಿಯೂ ಓರಗೆಯವರಿಗಿಂತ ಹಿಂದಾಗಿದ್ದರೆ, ಸೋಮಾರಿತನವೆಂದು ತೀರ್ಮಾನಿಸುವ ಮೊದಲು ತಾಯ್ತಂದೆಗಳು ಕೊಂಚ ನಿಲ್ಲಬೇಕು.

ನಮ್ಮ ಶಾಸ್ತ್ರಕಾರರು ಜ್ಞಾನೇಂದ್ರಿಯಗಳೈದು, ಕರ್ಮೇಂದ್ರಿಯಗಳೈದು ಎಂದು ಬೇರೆಯಾಗಿ ಎಣಿಸಿ, ಕೈಯನ್ನು ಎರಡನೆಯ ಗುಂಪಿನಲ್ಲಿ ಇರಿಸಿದರು. ತಿಳಿಯುವುದು ಒಂದು, ಮಾಡುವುದು ಮತ್ತೊಂದು. ಮಾಡಬೇಕಾದ ಚಲನೆಯನ್ನು ಮನಸ್ಸು ಮೊದಲೇ ಯೋಜಿಸಿ, ಕಣ್ಣುಕೈಗಳನ್ನು ಒಂದುಗೂಡಿಸಿ, ತಪ್ಪಿದುದನ್ನು ಆ ಕ್ಷಣದಲ್ಲಿಯೇ ತಿದ್ದಬೇಕು. ಕೆಲವು ಮಕ್ಕಳಲ್ಲಿ ಬುದ್ಧಿಯು ಚುರುಕಾಗಿದ್ದರೂ ಈ ಹೊಂದಿಕೆಯು ತಾನಾಗಿ ಕೂಡಿಬಾರದು. ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ನರು 1937ರ ತಮ್ಮ ಗ್ರಂಥದಲ್ಲಿ ಓದುಬರೆಹಗಳ ತೊಡಕುಗಳ ಜತೆಗೇ ಇದನ್ನೂ ವಿವರಿಸಿದರು. ಶಾಲಾವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 5ರಿಂದ 6 ಮಂದಿಗೆ ಇದು ಉಂಟೆಂದು ಈಗಿನ ವೈದ್ಯರ ಲೆಕ್ಕ. ಓದಿನ ತೊಡಕುಳ್ಳ ಮಕ್ಕಳಲ್ಲಿ ಇದು ಇತರರಿಗಿಂತ ಹೆಚ್ಚು. ಆದರೆ ಎರಡೂ ಒಂದೇ ಅಲ್ಲ.

ನಮ್ಮ ಲಿಪಿಯಾದರೋ ದುಂಡುಸುರುಳಿಗಳಿಂದ ತುಂಬಿದುದು. ಪಕಾರಕ್ಕೂ ಷಕಾರಕ್ಕೂ ಇರುವ ಭೇದ ಒಳಗಿನ ಒಂದು ಕಿರುಗೆರೆ. ಅಂತಹ ಗೆರೆಗಳನ್ನು ಕೂಡಿಸುವುದರಲ್ಲಿಯೇ ಮಗುವಿನ ಅವಧಾನವೆಲ್ಲ ವ್ಯಯವಾದರೆ, ಹೇಳಬೇಕೆಂದಿದ್ದ ಅರ್ಥವು ದಾರಿಯಲ್ಲಿಯೇ ಕಳೆದುಹೋಗುತ್ತದೆ. ಇಂತಹವನಿಗೆ ನೂರು ಬಾರಿ ಬರೆಯೆಂದು ದಂಡನೆ ವಿಧಿಸಿದರೆ ದಣಿದ ಕೈಯಲ್ಲಿ ತಪ್ಪು ರೂಪವೇ ಬೇರೂರುವುದಲ್ಲದೆ ಬೇರೆ ಫಲವಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ದೃಷ್ಟಿದೋಷವಾಗಲಿ ನರಗಳ ರೋಗವಾಗಲಿ ಇಲ್ಲವೆಂದು ತಿಳಿಯಬೇಕು. ಗೋಲಿ, ಅಳಗುಳಿಮಣೆ, ಕಲ್ಲಾಟ, ಹೂ ಕಟ್ಟುವುದು ಇವೆಲ್ಲವೂ ಬೆರಳಿಗೆ ಹಿತವೇ ಸರಿ. ಆದರೆ ಗೋಲಿಯಾಡಿದ ಮಾತ್ರಕ್ಕೆ ಬರೆಹ ತಿದ್ದದು. ಯಾವುದು ಬಾರದೋ ಅದನ್ನೇ ತುಂಡುತುಂಡಾಗಿ ಅಭ್ಯಾಸಮಾಡಿಸಬೇಕು. ಮರಳಿನಲ್ಲಿ ದೊಡ್ಡದಾಗಿ, ಹಲಗೆಯಲ್ಲಿ ಮಧ್ಯಮವಾಗಿ, ಕೊನೆಗೆ ಕಾಗದದಲ್ಲಿ. ದಿನಕ್ಕೆ ಹತ್ತು ನಿಮಿಷ ಸಾಕು. "ಎಲ್ಲಿಂದ ಆರಂಭಿಸುವೆ? ಎತ್ತ ತಿರುಗಿಸುವೆ? ಸರಿಯಾಯಿತೆ?" ಎಂದು ಕೇಳಿ, ಉತ್ತರವನ್ನು ಮಗುವೇ ಕಂಡುಕೊಳ್ಳುವಂತೆ ಬಿಡಬೇಕು.

ವಯಸ್ಸಾದಂತೆ ತಾನೇ ಸರಿಹೋದೀತೆಂದು ಸುಮ್ಮನಿರುವುದೂ ಯುಕ್ತವಲ್ಲ. ಹಲವರಲ್ಲಿ ಈ ತೊಡಕು ಯೌವನದಲ್ಲಿಯೂ ಉಳಿಯುತ್ತದೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಎಣಿಸಿದ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾನ್ಯೂನತೆಯೂ ಸೇರಿದೆ. ಬರೆಹದ ಕಷ್ಟವು ಅದರಲ್ಲಿ ಅಡಕವಾಗಿದ್ದರೆ, ಪ್ರಮಾಣಪತ್ರವನ್ನು ಪಡೆದು ಪರೀಕ್ಷೆಯಲ್ಲಿ ಹೆಚ್ಚಿನ ಕಾಲವನ್ನು ಕೇಳಲು ಮಾರ್ಗವುಂಟು. ಇದು ದಯಾಭಿಕ್ಷೆಯಲ್ಲ, ನ್ಯಾಯ.

ಅಷ್ಟರವರೆಗೆ, ವಾಚಕರೇ, ಮನೆಯಲ್ಲಿ ಒಂದು ಉಪಕಾರವನ್ನಾದರೂ ಮಾಡಿ. ಮಗುವು ಬರೆಯಲಾರದ ಪಾಠವನ್ನು ಅದರ ಬಾಯಿಂದ ಕೇಳಿ. ಅದಕ್ಕೆ ಎಷ್ಟು ತಿಳಿದಿದೆಯೆಂಬುದು ನಿಮಗೂ ಗೊತ್ತಾಗಲಿ, ಅದಕ್ಕೂ ಗೊತ್ತಾಗಲಿ.