ಸ್ಪೋರ್ಟ್ಸ್ ಕಾರು ಕೊಳ್ಳುವ ಮುನ್ನ ಮನೆಯಲ್ಲೊಂದು ಲೆಕ್ಕ ಆಗಲಿ

ಕಳೆದ ವಾರ ಹೂವಿನಹಡಗಲಿ ತಾಲೂಕಿನ ಮಾಗಳದಿಂದ ನಮಗೊಂದು ಫೋನ್ ಬಂತು. ತುಂಗಭದ್ರೆಯ ದಡದ ಆ ಊರಲ್ಲಿ ಬೇಕರಿ ನಡೆಸುತ್ತಿರುವ ನಮ್ಮ ಬ್ಯಾರಿ ಹುಡುಗ. ಮನೆಯವರೆಲ್ಲ ಇರುವುದು ಬಂಟ್ವಾಳದ ಕಡೆ. ಸಲಾಂ ಹೇಳಿ ನೇರ ವಿಷಯಕ್ಕೆ ಬಂದ. "ಎರಡು ಕಾರು ನೋಡಿ ಇಟ್ಟಿದ್ದೇನೆ. ಒಂದು ಹುಂಡೈ ಐ20 ಎನ್ ಲೈನ್, ಇನ್ನೊಂದು ಟಾಟಾ ಆಲ್ಟ್ರೋಜ್ ರೇಸರ್. ಯಾವುದು ತಗೊಳ್ಳೋದು, ನೀವೇ ಒಂದು ಹೇಳಿ."

"ದುಡ್ಡು ಯಾರದು ಮೋನೆ?" ಎಂದು ನಾವು ಕೇಳಿದೆವು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ ಹೇಳಿದ: "ಸ್ವಲ್ಪ ನನ್ನದು, ಉಳಿದದ್ದು ಲೋನ್. ಮನೆಯಲ್ಲಿ ಮದುವೆ ಮಾತೂ ನಡೀತಾ ಇದೆ. ಅವರು ಏನಾದ್ರೂ ಕೊಟ್ರೆ..."

ಆ ಅರ್ಧಕ್ಕೆ ನಿಂತ ಮಾತಿಗಾಗಿಯೇ ಈ ವಾರದ ಸಂಪಾದಕೀಯ. ಆದರೆ ಮೊದಲು ಕಾರಿನ ವಿಷಯ ಆಗಲಿ. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಉಪದೇಶ ಶುರು ಮಾಡಿದರೆ ಮಕ್ಕಳು ಫೋನ್ ಇಟ್ಟುಬಿಡುತ್ತಾರೆ, ಅದು ಅವರ ತಪ್ಪೂ ಅಲ್ಲ. ಓಡುವ ವಾಹನದ ಮೇಲಿನ ಆಸೆಯನ್ನು ನಾವು ಹಳಿಯುವುದೂ ಇಲ್ಲ. ಪ್ರವಾದಿ (ಸ)ರವರು ಕುದುರೆ ಓಟದ ಸ್ಪರ್ಧೆ ಏರ್ಪಡಿಸಿದ್ದು ಹದೀಸ್‌ಗಳಲ್ಲೇ ಇದೆ.

ಎರಡು ಕಾರುಗಳೂ ನಾಲ್ಕು ಮೀಟರ್ ಒಳಗಿನವು. ಎನ್ ಲೈನ್‌ನ ಉದ್ದ 3,995 ಮಿ.ಮೀ., ರೇಸರ್‌ನದು 3,990. ಒಂದರದ್ದು 998 ಸಿಸಿ ಟರ್ಬೊ ಪೆಟ್ರೋಲ್ ಎಂಜಿನ್, ಇನ್ನೊಂದರದ್ದು 1,199 ಸಿಸಿ. ಉದ್ದ ನಾಲ್ಕು ಮೀಟರ್, ಎಂಜಿನ್ 1,200 ಸಿಸಿ ದಾಟದ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಕಡಿಮೆ. ಹಾಗಾಗಿ ಕಂಪೆನಿಗಳು ಎಂಜಿನ್ ದೊಡ್ಡದು ಮಾಡುವ ಬದಲು ಟರ್ಬೊ ಕೂರಿಸುತ್ತವೆ. ಹೊರಗೆ ಹೋಗುವ ಹೊಗೆಯ ರಭಸಕ್ಕೆ ಒಂದು ಚಿಕ್ಕ ಚಕ್ರ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುತ್ತದೆ, ಬಲ ಬರುತ್ತದೆ. ಆ ಬಲ ಎರಡರಲ್ಲೂ 120 ಪಿಎಸ್. ಟಾರ್ಕ್ ಒಂದರಲ್ಲಿ 172 ಎನ್‌ಎಂ, ಇನ್ನೊಂದರಲ್ಲಿ 170. ಹುಡುಗರು ರಾತ್ರಿಯಿಡೀ ವಾದ ಮಾಡುವ ಅಂತರ ಅಷ್ಟೇ, ಎರಡು ಅಂಕಿ!

ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ಎನ್ ಲೈನ್‌ನಲ್ಲಿ ಮ್ಯಾನುವಲ್ ಜೊತೆಗೆ ಆಟೊಮ್ಯಾಟಿಕ್ ಗೇರ್ ಕೂಡ ಸಿಗುತ್ತದೆ, ರೇಸರ್ ಬರುವುದು ಮ್ಯಾನುವಲ್‌ನಲ್ಲಿ ಮಾತ್ರ. ಎನ್ ಲೈನ್‌ನ ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್, ರೇಸರ್‌ಗೆ ಹಿಂದೆ ಡ್ರಮ್. ಡಿಕ್ಕಿಯಲ್ಲಿ ರೇಸರ್‌ಗೆ 345 ಲೀಟರ್ ಜಾಗ, ಎನ್ ಲೈನ್‌ಗೆ 311. ಊರಿಗೆ ಹೊರಟಾಗ ಉಮ್ಮ ಕಟ್ಟಿಕೊಡುವ ಗಂಟುಗಳನ್ನು ಬಲ್ಲವರಿಗೆ ಈ 34 ಲೀಟರ್‌ನ ಬೆಲೆ ಗೊತ್ತು. ಏರ್‌ಬ್ಯಾಗ್ ಎರಡರಲ್ಲೂ ಆರು.

ಸುರಕ್ಷತೆಯ ಸ್ಟಾರ್ ಬಗ್ಗೆ ಒಂದು ಎಚ್ಚರಿಕೆ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಆಲ್ಟ್ರೋಜ್ 2020ರಲ್ಲಿ ಐದು ಸ್ಟಾರ್ ಪಡೆಯಿತು, ಐ20 2022ರಲ್ಲಿ ಮೂರು. ಆದರೆ ಅಂದು ಪರೀಕ್ಷೆಗೆ ಹೋದದ್ದು ಎರಡೂ ಕಂಪೆನಿಗಳ ಎರಡೇ ಏರ್‌ಬ್ಯಾಗ್‌ನ ಸಾಮಾನ್ಯ ಮಾದರಿಗಳು, ಈ ಸ್ಪೋರ್ಟ್ಸ್ ಮಾದರಿಗಳಲ್ಲ. ಇನ್ನು ಮಕ್ಕಳ ರಕ್ಷಣೆಯಲ್ಲಿ ಎರಡಕ್ಕೂ ಸಿಕ್ಕಿದ್ದು ಮೂರೇ ಸ್ಟಾರ್. ಇದನ್ನು ಷೋರೂಂನವರು ಹೇಳುವುದಿಲ್ಲ, ನಾವೇ ಕೇಳಬೇಕು.

ಈಗ ದುಡ್ಡಿನ ಲೆಕ್ಕ. 2024ರ ಜೂನ್‌ನಲ್ಲಿ ಬಂದಾಗ ರೇಸರ್‌ನ ಷೋರೂಂ ಬೆಲೆ 9.49 ಲಕ್ಷ ರೂ.ಯಿಂದ 10.99 ಲಕ್ಷದವರೆಗೆ ಇತ್ತು. ಎನ್ ಲೈನ್‌ನ ಈಗಿನ ರೂಪ 2023ರ ಸೆಪ್ಟೆಂಬರ್‌ನಲ್ಲಿ 9.99 ಲಕ್ಷದಿಂದ ಶುರುವಾಗಿತ್ತು. ನಮ್ಮ ರಾಜ್ಯದಲ್ಲಿ ಐದು ಲಕ್ಷ ದಾಟಿದ, ಹತ್ತು ಲಕ್ಷದೊಳಗಿನ ಕಾರಿಗೆ ಜೀವಿತಾವಧಿ ತೆರಿಗೆ ಶೇ. 14. ಹತ್ತು ದಾಟಿದರೆ ಶೇ. 17. ಅಂದರೆ 9.49 ಲಕ್ಷದ ಕಾರಿಗೆ ತೆರಿಗೆ ಸುಮಾರು 1.33 ಲಕ್ಷ, 10.99 ಲಕ್ಷದ್ದಕ್ಕೆ 1.87 ಲಕ್ಷ, ಮೇಲೆ ಸೆಸ್ ಬೇರೆ. "ಒಂದೂವರೆ ಲಕ್ಷ ತಾನೇ, ಟಾಪ್ ಮಾಡೆಲ್ಲೇ ಆಗಲಿ" ಅನ್ನುವ ಹೊತ್ತಿಗೆ ತೆರಿಗೆಯಲ್ಲೇ ಇನ್ನೂ 54 ಸಾವಿರ ಹೋಗಿರುತ್ತದೆ.

ಲೋನಿಗೆ ಬನ್ನಿ. ಹತ್ತು ಲಕ್ಷಕ್ಕೆ ಶೇ. 9ರ ಬಡ್ಡಿ, ಐದು ವರ್ಷ ಎಂದರೆ ತಿಂಗಳ ಕಂತು ಸುಮಾರು 20,750 ರೂ. ಕೊನೆಗೆ ಕಟ್ಟಿದ್ದು 12 ಲಕ್ಷ 45 ಸಾವಿರ. ಬಡ್ಡಿ ಹರಾಮ್ ಎಂದು ಜುಮಾದಲ್ಲಿ ತಲೆದೂಗುವ ನಾವು ಕಾರಿನ ಬಾಗಿಲಲ್ಲಿ ಅದನ್ನು ಮರೆಯುವುದು ಹೇಗೆ? ಮನೆ, ಚಿಕಿತ್ಸೆ, ಓದಿನಂಥ ಅನಿವಾರ್ಯದ ಪ್ರಶ್ನೆಯನ್ನು ಉಲಮಾಗಳ ಬಳಿ ಕೇಳಬಹುದು. 120 ಪಿಎಸ್ ಯಾರಿಗೂ ಅನಿವಾರ್ಯ ಅಲ್ಲ. ಅದೇ 20,750ನ್ನು ಎರಡು ವರ್ಷ ಎತ್ತಿಟ್ಟರೆ ಐದು ಲಕ್ಷದ ಹತ್ತಿರ ಬರುತ್ತದೆ, ಬಡ್ಡಿಯ ಕಲೆ ಇಲ್ಲದ ದುಡ್ಡು. ಆ ದುಡ್ಡಿಗೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಕಾರು ಬರುತ್ತದೆ.

ಇನ್ನು ದಾರಿ. ಹೊಸಪೇಟೆ-ಕೂಡ್ಲಿಗಿ-ಚಿತ್ರದುರ್ಗದ ಹೆದ್ದಾರಿ ನಾಲ್ಕು ಪಥದ್ದು, ಅಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ.ವರೆಗೆ ಹೋಗಬಹುದು. ಆದರೆ ಮಾಗಳದ ಹುಡುಗ ದಿನಾ ಓಡಾಡುವುದು ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ರಸ್ತೆಗಳಲ್ಲಿ. ಅಂಥ ರಸ್ತೆಗಳ ಮಿತಿ 70. ಸುಗ್ಗಿಯಲ್ಲಿ ರೈತರು ರಸ್ತೆಯ ಮೇಲೇ ಒಕ್ಕಣೆಗೆ ಬೆಳೆ ಹರಡಿರುತ್ತಾರೆ, ಅದರ ಮೇಲೆ ಟೈರ್ ಹಿಡಿತ ತಪ್ಪುತ್ತದೆ. ಮೈಲಾರ ಜಾತ್ರೆಗೆ ಎತ್ತಿನ ಗಾಡಿಗಳು, ಕೊಟ್ಟೂರು ತೇರಿಗೆ ರಾತ್ರಿಯಲ್ಲೂ ನಡೆದು ಹೋಗುವ ಜನ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಕಾರು ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಎಂಜಿನ್ ಎಷ್ಟೇ ಒಳ್ಳೆಯದಿರಲಿ, ಈ ಲೆಕ್ಕ ಬದಲಾಗದು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಹತ್ತರಲ್ಲಿ ಏಳು ಸಾವಿಗೆ ಕಾರಣ ಅತಿವೇಗ ಎಂದು ಕೇಂದ್ರ ಸರಕಾರದ ವರದಿಯೇ ಹೇಳುತ್ತದೆ.

ಕರಾವಳಿಯ ನಮ್ಮ ಮನೆಗಳಿಗೆ ಇದು ಹೊಸ ಸುದ್ದಿಯಲ್ಲ. ಸಹರಿ ಮುಗಿಸಿ ಹೊರಟವರು, ಮದುವೆ ದಿಬ್ಬಣದಲ್ಲಿ ರೇಸ್‌ಗೆ ಇಳಿದವರು, ಯಾರನ್ನೆಲ್ಲ ನಾವು ದಫನ್ ಮಾಡಿ ಬಂದಿಲ್ಲ? ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಎಂಬ ಪ್ರವಾದಿ ವಚನದ ಇಂದಿನ ಅರ್ಥ ಸೀಟ್ ಬೆಲ್ಟ್. ಹಿಂದಿನ ಸೀಟಿನ ಉಮ್ಮನಿಗೂ ಸೇರಿಸಿ.

ಮನೆಯಲ್ಲಿ ಹದಿನೆಂಟು ತುಂಬದ ತಮ್ಮಂದಿರಿದ್ದರೆ ಕೀಲಿ ಗೋಡೆಯ ಮೊಳೆಯಲ್ಲಿ ನೇತಾಡದಿರಲಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಹುಡುಗ ಮಾಡಿದ ತಪ್ಪಿಗೆ ಪೋಷಕರು ಅಥವಾ ಮಾಲಕರೇ ಹೊಣೆ: ಮೂರು ವರ್ಷದವರೆಗೆ ಜೈಲು, 25,000 ರೂ. ದಂಡ, ಜೊತೆಗೆ ಒಂದು ವರ್ಷ ಕಾರಿನ ನೋಂದಣಿ ರದ್ದು. "ಬರೀ ಮಸೀದಿವರೆಗೆ ತಾನೇ" ಎಂಬ ಮಾತು ನ್ಯಾಯಾಲಯದಲ್ಲಿ ನಡೆಯುವುದಿಲ್ಲ.

ಕೊನೆಗೆ ಆ ಅರ್ಧಕ್ಕೆ ನಿಂತ ಮಾತು. "ಅವರು ಏನಾದ್ರೂ ಕೊಟ್ರೆ." ನಾವು ಬಾಯಿಬಿಟ್ಟು ಕೇಳುವುದಿಲ್ಲ, ನಿಜ. ಆದರೆ "ಹುಡುಗನಿಗೆ ಕಾರು ಅಂದ್ರೆ ಇಷ್ಟ" ಎಂದು ಹೆಣ್ಣಿನ ಮನೆಯ ಹಜಾರದಲ್ಲಿ ಕುಳಿತು ಹೇಳುತ್ತೇವೆ. ಕೇಳಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಇಸ್ಲಾಮಿನ ನಿಕಾಹ್‌ನಲ್ಲಿ ಕೊಡಬೇಕಾದವನು ಗಂಡು, ಅದು ಮಹ್ರ್. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಂತೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ, ಕನಿಷ್ಠ ಐದು ವರ್ಷ ಜೈಲು. ಕಾನೂನು ಬಿಡಿ. ಪುದಿಯಾಪ್ಲೆ ಹೊಸ ಕಾರಲ್ಲಿ ಬಂದಿಳಿದ ದಿನ ಎಲ್ಲರೂ ಮಾಶಾ ಅಲ್ಲಾಹ್ ಅನ್ನುತ್ತಾರೆ. ಅದರ ಕಂತು ಕಟ್ಟಲು ಹೆಣ್ಣಿನ ಉಪ್ಪ ಗಲ್ಫಿನಲ್ಲಿ ಇನ್ನೂ ಐದು ವರ್ಷ ಕಳೆಯಬೇಕಾದದ್ದು ಯಾರಿಗೂ ಕಾಣುವುದಿಲ್ಲ. ಆ ಮನೆಯಲ್ಲಿ ಮದುವೆಗೆ ಕಾದಿರುವ ಇನ್ನೂ ಇಬ್ಬರು ಹೆಣ್ಣುಮಕ್ಕಳಿರಬಹುದು. ಅವರಿಗೂ ಕಾರಿನ ದರವೇ ಗೊತ್ತಾಗಿಬಿಡುತ್ತದೆ.

ಮಾಗಳದ ಹುಡುಗನಿಗೆ ನಾವು ಹೇಳಿದ್ದು ಇಷ್ಟೆ. ಸ್ವಂತ ದುಡ್ಡು ಪೂರ್ತಿ ಕೂಡಿದ ಮೇಲೆ ಕೊಳ್ಳುವುದಾದರೆ, ಡಿಕ್ಕಿಯ ಜಾಗ, ಬೆಲೆ ನೋಡಿದರೆ ರೇಸರ್ ಮೇಲು. ಆಟೊಮ್ಯಾಟಿಕ್ ಬೇಕು, ಹಿಂದೆಯೂ ಡಿಸ್ಕ್ ಬ್ರೇಕ್ ಬೇಕು ಎಂದರೆ ಎನ್ ಲೈನ್. ಟೆಸ್ಟ್ ಡ್ರೈವ್‌ಗೆ ಗೆಳೆಯರನ್ನು ಕರೆದೊಯ್ಯಬೇಡ, ಉಮ್ಮನನ್ನು ಹಿಂದೆ ಕೂರಿಸು. ಹತ್ತಿರದ ಸರ್ವಿಸ್ ಸೆಂಟರ್ ಎಷ್ಟು ದೂರ ಎಂದು ಮೊದಲೇ ವಿಚಾರಿಸು. ಹೆಣ್ಣಿನ ಮನೆಗೆ ಮಾತ್ರ ಈಗಲೇ ಹೇಳಿ ಕಳಿಸು, ನಮಗೆ ಏನೂ ಬೇಡ ಅಂತ. ಅವರು ಕೇಳುವ ಮೊದಲೇ.

"ಉಪ್ಪನ ಹತ್ತಿರ ಮಾತಾಡ್ತೇನೆ" ಅಂದ. ಮಾತಾಡಲಿ. ಈ ಪುಟ ಓದುವ ಉಪ್ಪಂದಿರೂ, ಮಗ ಬಾಯಿ ತೆರೆಯುವ ಮೊದಲು, ತಾವೇ ಆ ಮಾತು ತೆಗೆಯಲಿ.