ಪಕ್ಕದ ವಾರ್ಡಿನ ಮಗುವಿಗೆ ಸರ್ಕಾರಿ ಶಾಲೆ ಬಾಗಿಲು ಮುಚ್ಚಬಹುದೇ?

ಜೂನ್ ಬಂತೆಂದರೆ ಪೇಟೆಯಲ್ಲಿ ಎರಡು ವಸ್ತುಗಳಿಗೆ ಗಿರಾಕಿ ಜಾಸ್ತಿ. ಒಂದು ಕೊಡೆ, ಇನ್ನೊಂದು ನೋಟ್‌ಬುಕ್ಕು. ಎರಡೂ ದುಡ್ಡು ಕೊಟ್ಟರೆ ಸಿಗುತ್ತವೆ. ದುಡ್ಡು ಕೊಡದೆಯೇ ಸಿಗಬೇಕಾದ ಮೂರನೆಯದೊಂದಿದೆ. ಅದು ಸರ್ಕಾರಿ ಶಾಲೆಯಲ್ಲಿ ಒಂದು ಸೀಟು. ವಿಚಿತ್ರವೆಂದರೆ ಅದಕ್ಕೇ ತಾಯಂದಿರು ಕೂಲಿ ಬಿಟ್ಟು ಮೂರು ದಿನ, ನಾಲ್ಕು ದಿನ ಅಲೆಯಬೇಕಾಗಿದೆ.

ಅಲೆದಾಟದ ಕಾರಣ ಸಣ್ಣದು. ಮನೆ ಇರುವುದು ಊರಿನ ಆ ತುದಿಯ ಬಡಾವಣೆಯಲ್ಲಿ, ಕೆಲಸ ಇರುವುದು ಈ ತುದಿಯ ಮಾರುಕಟ್ಟೆಯಲ್ಲಿ. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟರೆ ತಿರುಗಿ ಹೋಗುವುದು ಸಂಜೆ ಆರಕ್ಕೆ. ಮಗುವನ್ನು ಮಾರುಕಟ್ಟೆ ಪಕ್ಕದ ಶಾಲೆಗೇ ಹಾಕಿದರೆ ಕಣ್ಣಳತೆಯಲ್ಲಿ ಇರುತ್ತದಲ್ಲಾ ಅನ್ನುವುದು ತಾಯಿಯ ಲೆಕ್ಕ. ಶಾಲೆಯ ಬಾಗಿಲಲ್ಲಿ ಕೇಳಿಬರುವ ಮಾತೇ ಬೇರೆ. "ನಿಮ್ಮ ಬಡಾವಣೆಲೇ ಸ್ಕೂಲಿದೆಯಲ್ಲಮ್ಮಾ, ಅಲ್ಲಿಗೇ ಸೇರಿಸಿ." "ಅಲ್ಲಿ ಬರೀ ಐದನೇ ಕ್ಲಾಸ್‌ವರೆಗೆ ಸಾರ್." "ಐದು ಆದ ಮೇಲೆ ಬನ್ನಿ, ಆಗ ನೋಡೋಣ." ಇಲ್ಲಿಗೆ ಮಾತು ಮುಗಿಯಿತು. ಅರ್ಜಿ ಕೊಡಲಿಲ್ಲ, ತಗೊಳ್ಳಲಿಲ್ಲ, ನಿರಾಕರಿಸಿದ್ದಕ್ಕೆ ಒಂದು ಚೀಟಿಯೂ ಇಲ್ಲ. ಇಲಾಖೆಯ ಕಡತದಲ್ಲಿ ಆ ತಾಯಿ ಬಂದೇ ಇಲ್ಲ!

ಕಾಯ್ದೆ ಏನನ್ನುತ್ತದೆ?

ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. 6ರಿಂದ 14 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಓದುವ ಹಕ್ಕಿದೆ ಎಂದು ಅದು ಹೇಳುತ್ತದೆ. ನೆರೆಹೊರೆ ಅಂದರೆ ಎಷ್ಟು ದೂರ? ಒಂದರಿಂದ ಐದನೇ ತರಗತಿಗೆ ನಡೆದು ಹೋಗುವಂಥ 1 ಕಿಲೋಮೀಟರ್, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಎಂದು 2010ರ ಕೇಂದ್ರ ನಿಯಮಗಳು ಹೇಳಿದವು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಕಿಲೋಮೀಟರ್ ಲೆಕ್ಕ ಇರುವುದು ಸರ್ಕಾರದ ಕಾಲಿಗೆ, ಮಗುವಿನ ಕಾಲಿಗಲ್ಲ. ಇಷ್ಟು ದೂರದೊಳಗೆ ಶಾಲೆ ಕಟ್ಟಿಸಿಕೊಡು ಎಂದು ಕಾಯ್ದೆಯ 6ನೇ ಕಲಮು ಸರ್ಕಾರಕ್ಕೆ ತಾಕೀತು ಮಾಡಿದೆ. ಇದನ್ನು ಬಿಟ್ಟು ಬೇರೆ ಸರ್ಕಾರಿ ಶಾಲೆಗೆ ಸೇರಬಾರದು ಎಂದು ಮಗುವಿಗೆ ಎಲ್ಲೂ ಹೇಳಿಲ್ಲ. ಮನೆ ಬಾಗಿಲಿಗೆ ನಲ್ಲಿ ಹಾಕಿಸಿಕೊಡಬೇಕು ಅಂದರೆ ಬೇರೆ ಕಡೆ ನೀರು ಕುಡಿದರೆ ದಂಡ ಅಂತ ಅರ್ಥವೇ?

ಈಗಾಗಲೇ ಒಂದು ಶಾಲೆಯಲ್ಲಿರುವ ಮಗುವಿನ ವಿಷಯದಲ್ಲಂತೂ ಕಾಯ್ದೆ ಇನ್ನೂ ಸ್ಪಷ್ಟ. 5ನೇ ಕಲಮಿನ ಪ್ರಕಾರ ಮಗು ಯಾವುದೇ ಕಾರಣಕ್ಕೆ ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗಬೇಕಾಗಿ ಬಂದರೆ ವರ್ಗಾವಣೆ ಕೇಳುವ ಹಕ್ಕು ಅದಕ್ಕಿದೆ. ಅನುದಾನವಿಲ್ಲದ ಖಾಸಗಿ ಶಾಲೆಗಳು, ಕೇಂದ್ರೀಯ ವಿದ್ಯಾಲಯ, ನವೋದಯ, ಸೈನಿಕ ಶಾಲೆಯಂಥವು ಮಾತ್ರ ಇದಕ್ಕೆ ಹೊರತು. ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು ಟಿ.ಸಿ.ಯನ್ನು ಕೂಡಲೇ ಕೊಡಬೇಕು, ತಡ ಮಾಡಿದರೆ ಅವರ ಮೇಲೆ ಶಿಸ್ತು ಕ್ರಮ. ಟಿ.ಸಿ. ಬರುವುದು ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೋ, ಶಾಲೆ ಶುರುವಾಗಿಹೋಯಿತೆಂದೋ ಪ್ರವೇಶ ನಿರಾಕರಿಸುವಂತೆಯೂ ಇಲ್ಲ. ಇಷ್ಟೆಲ್ಲ ಅಚ್ಚಾಗಿರುವಾಗ "ನಿಮ್ಮ ವಾರ್ಡು ಬೇರೆ" ಎಂಬ ಕಲಮನ್ನು ಸೇರಿಸಿದವರು ಯಾರು ಸ್ವಾಮಿ?

ಒಂದು ಬಾಗಿಲು ಮುಚ್ಚಿದ್ದು ಸಾಲದೇ?

ವಾರ್ಡಿನ ಹೆಸರು ಹೇಳಿ ಬಡವರ ಮಕ್ಕಳನ್ನು ವಾಪಸು ಕಳಿಸುವುದು ಹೊಸದಲ್ಲ. ಖಾಸಗಿ ಶಾಲೆಗಳಲ್ಲಿ 25 ಪರ್ಸೆಂಟ್ ಸೀಟು ಬಡ ಮಕ್ಕಳಿಗೆ ಎಂಬ ಕಲಮು ಇದೇ ಕಾಯ್ದೆಯಲ್ಲಿದೆ. ನಮ್ಮ ರಾಜ್ಯದಲ್ಲಿ ಆ ಸೀಟಿಗಾಗಿ ಅರ್ಜಿ ಹಾಕಲು ಜನ ಮುಗಿಬೀಳುತ್ತಿದ್ದ ಕಾಲವೊಂದಿತ್ತು. 2019ರಲ್ಲಿ ಸರ್ಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟಿಲ್ಲ ಎಂದಾಯಿತು. ಪೋಷಕರ ಪರವಾಗಿ ಹೈಕೋರ್ಟಿಗೆ ಹೋದವರ ಅರ್ಜಿ ಅದೇ ವರ್ಷ ಮೇ ತಿಂಗಳಲ್ಲಿ ವಜಾ ಆಯಿತು. ಮಹಾರಾಷ್ಟ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಇಂಥದ್ದೇ ನಿಯಮ ತಂದಾಗ ಬಾಂಬೆ ಹೈಕೋರ್ಟು ಜುಲೈನಲ್ಲಿ ಅದನ್ನು ರದ್ದು ಮಾಡಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೂ ಆ ತೀರ್ಪನ್ನು ಮುಟ್ಟಲಿಲ್ಲ. ಒಂದೇ ಕಾಯ್ದೆ, ಗಡಿಯ ಈಚೆ ಒಂದು ನ್ಯಾಯ, ಆಚೆ ಇನ್ನೊಂದು.

ಆ ವಾದ ಕೋರ್ಟಿನವರಿಗೇ ಇರಲಿ. 2019ರಲ್ಲಿ ಸರ್ಕಾರ ಕೊಟ್ಟ ಕಾರಣ ಏನು? ನಮ್ಮ ಶಾಲೆಗಳು ಇರುವಾಗ ಖಾಸಗಿಯವರಿಗೆ ಯಾಕೆ ದುಡ್ಡು ಕಟ್ಟಬೇಕು ಎಂಬುದು. ಒಪ್ಪೋಣ. ಹಾಗಾದರೆ ಆ "ನಮ್ಮ ಶಾಲೆ" ಯಾವ ಬೀದಿಯಲ್ಲಿದ್ದರೂ ನಮ್ಮದೇ ತಾನೇ? ಖಾಸಗಿ ಬಾಗಿಲನ್ನು ಮುಚ್ಚಿದ ಸರ್ಕಾರ ತನ್ನದೇ ಇನ್ನೊಂದು ಶಾಲೆಯ ಬಾಗಿಲನ್ನೂ ಮುಚ್ಚಿಸಿದರೆ ಮಗು ಹೋಗುವುದೆಲ್ಲಿಗೆ?

ಮೇಷ್ಟ್ರ ಕಷ್ಟವೂ ಇದೆ

ಇದರಲ್ಲಿ ಮುಖ್ಯೋಪಾಧ್ಯಾಯರನ್ನೇ ಬೈದು ಕೂರುವುದು ಸರಿಯಲ್ಲ. 2019-20ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಯಿತು. ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದವು. ಜನ ಅವನ್ನು ಹುಡುಕಿಕೊಂಡು ಹೊರಟರು. ಅದರ ಮೇಲೆ 2023ರ ಜೂನ್ 11ರಿಂದ ಶಕ್ತಿ ಯೋಜನೆ. ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಬೆಳಗ್ಗೆ ಎಂಟೂವರೆ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವವರಿಗೆ ಹೇಳಬೇಕಾಗಿಲ್ಲ, ತಾಯಿಯ ಸೆರಗು ಹಿಡಿದು ಬ್ಯಾಗು ಹೊತ್ತ ಪುಟಾಣಿಗಳು ಈಗ ಎಷ್ಟು ಮಂದಿ ಎಂದು. ವಾರ್ಡಿನ ಗಡಿಯನ್ನು ಬಸ್ಸೇ ಅಳಿಸಿಹಾಕಿದೆ.

ಕೊಠಡಿ ಮಾತ್ರ ಅಷ್ಟೇ, ಮೇಷ್ಟ್ರೂ ಅಷ್ಟೇ. ಒಂದರಿಂದ ಐದರವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕ ಇರಬೇಕೆಂಬುದು ಕಾಯ್ದೆಯ ಲೆಕ್ಕ. ಕುರಿ ತುಂಬಿದ ಹಾಗೆ ತುಂಬಿಕೊಂಡರೆ ಯಾರಿಗೂ ಪಾಠವಿಲ್ಲ. ಸೀಟು ತುಂಬಿದ ಶಾಲೆ ಮೊದಲು ಅಕ್ಕಪಕ್ಕದ ಮಕ್ಕಳನ್ನು ತಗೊಳ್ಳಲಿ, ಅದು ನ್ಯಾಯವೇ. ತಕರಾರು ಇರುವುದು ಸೀಟು ಖಾಲಿ ಇದ್ದೂ ಇಲ್ಲವೆನ್ನುವುದಕ್ಕೆ, ಬೆಳಗ್ಗೆ ಇಲ್ಲವೆಂದ ಸೀಟು ಸಂಜೆ ಪುಢಾರಿಯ ಒಂದು ಫೋನಿಗೆ ಹುಟ್ಟಿಕೊಳ್ಳುವುದಕ್ಕೆ.

ಇನ್ನೊಂದು ಮಗ್ಗುಲೂ ಇದೆ. ಎಲ್ಲರೂ ಪೇಟೆ ಶಾಲೆಗೆ ಹೊರಟರೆ ಬಡಾವಣೆ ಶಾಲೆಯ ಗತಿ? 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬುದು ಕಾಯ್ದೆಯ ಪಟ್ಟಿ. ಐದು ತರಗತಿ, ಇಬ್ಬರು ಮೇಷ್ಟ್ರು. ಒಬ್ಬರು ಮೀಟಿಂಗಿಗೆ ಹೋದರೆ ಇನ್ನೊಬ್ಬರೇ ಐದಕ್ಕೂ ಗತಿ. ಮಕ್ಕಳು ಕಡಿಮೆಯಾದ ಹಾಗೆ ಮೇಷ್ಟ್ರನ್ನು "ಹೆಚ್ಚುವರಿ" ಎಂದು ಎತ್ತಿಹಾಕುತ್ತಾರೆ. ಮೇಷ್ಟ್ರು ಹೋದರೆಂದು ಇನ್ನಷ್ಟು ಮಕ್ಕಳು ಬಿಡುತ್ತಾರೆ. ಕೊನೆಗೆ ಉಳಿಯುವುದು ಬಸ್ಸು ಹತ್ತಿಸಿಕೊಂಡು ಹೋಗಲು ಯಾರೂ ಇಲ್ಲದ ಮಕ್ಕಳು. ಅಜ್ಜಿಯ ಜೊತೆ ಇರುವ ಮಗು, ನಾಲ್ಕು ಗಂಟೆಗೇ ಕಟ್ಟಡದ ಕೆಲಸಕ್ಕೆ ಹೋಗುವವರ ಮಗು. ಶಾಲೆ ಮುಚ್ಚಿದರೆ ಮೊದಲು ಬೀದಿಗೆ ಬೀಳುವುದು ಅವೇ.

ಇದು ನಿಜವಾದ ಭಯ. ಆದರೆ ಇದಕ್ಕೆ ಮದ್ದು ಹೋಗುವವರನ್ನು ಕಟ್ಟಿಹಾಕುವುದಲ್ಲ. ಯಾವ ಅಂಗಡಿಯವರನ್ನಾದರೂ ಕೇಳಿ. ಕಾಯಂ ಗಿರಾಕಿ ಪಕ್ಕದ ಬೀದಿಗೆ ಹೋಗಲು ಶುರು ಮಾಡಿದರೆ ಬುದ್ಧಿ ಇರುವ ವ್ಯಾಪಾರಿ ಏನು ಮಾಡುತ್ತಾನೆ? ನಮ್ಮ ಸಾಮಾನಿನಲ್ಲಿ ಏನು ಕೊರತೆ ಎಂದು ನೋಡಿಕೊಳ್ಳುತ್ತಾನೆ. ಪಕ್ಕದ ಬೀದಿಯ ಅಂಗಡಿಗೆ ಬೀಗ ಹಾಕಿಸಲು ಹೊರಡುವುದಿಲ್ಲ. ಬಡಾವಣೆಯ ತಾಯಂದಿರು ಯಾಕೆ ಬಿಟ್ಟರು ಎಂದು ಇಲಾಖೆ ಒಂದು ಸಲ ಕೂತು ಕೇಳಿದೆಯೇ? ಮೇಷ್ಟ್ರಿಲ್ಲ, ಶೌಚಾಲಯಕ್ಕೆ ನೀರಿಲ್ಲ, ಆರನೇ ಕ್ಲಾಸಿಲ್ಲ, ಸಂಜೆ ನಾಲ್ಕರ ಮೇಲೆ ಮಗುವನ್ನು ನೋಡಿಕೊಳ್ಳುವವರಿಲ್ಲ. ಇವಕ್ಕೆಲ್ಲ ಉತ್ತರ ಇಲಾಖೆಯ ಕೈಯಲ್ಲೇ ಇದೆ.

ಆಗಬೇಕಾದ್ದೇನು?

ದೊಡ್ಡ ಯೋಜನೆ ಬೇಡ. ಪ್ರತಿ ಸರ್ಕಾರಿ ಶಾಲೆಯ ಗೇಟಿನಲ್ಲಿ ಯಾವ ತರಗತಿಯಲ್ಲಿ ಎಷ್ಟು ಸೀಟು ಖಾಲಿ ಎಂದು ಬೋರ್ಡು ಬರೆಯಲಿ. ರೇಷನ್ ಅಂಗಡಿಯವರು ಅಕ್ಕಿ ದಾಸ್ತಾನು ಬರೆದು ಹಾಕಬೇಕಂತೆ, ಶಾಲೆಗೇನು ಕಷ್ಟ? ಬಂದ ಅರ್ಜಿಯನ್ನು ತಗೊಂಡು ರಸೀದಿ ಕೊಡಲಿ. ಇಲ್ಲವೆನ್ನುವುದಾದರೆ ಕಾರಣ ಬರೆದು ಸಹಿ ಹಾಕಿ ಕೊಡಲಿ. ಬಾಯಿಮಾತಿನ "ಇಲ್ಲ"ಕ್ಕೆ ಎಲ್ಲೂ ಮೇಲ್ಮನವಿಯಿಲ್ಲ. ಅರ್ಜಿ ಹೆಚ್ಚಾದ ಕಡೆ ಎಲ್ಲರೆದುರು ಚೀಟಿ ಎತ್ತಲಿ. ಮಕ್ಕಳು ಕಡಿಮೆಯಾದ ಶಾಲೆಯಿಂದ ಮೇಷ್ಟ್ರನ್ನು ಎತ್ತುವ ಮುಂಚೆ ಅಲ್ಲಿನ ಎಸ್‌ಡಿಎಂಸಿಯನ್ನು ಕರೆದು ಒಂದು ಮಾತು ಕೇಳಲಿ.

ದೂರಿನ ದಾರಿಯೂ ಚುರುಕಾಗಬೇಕು. ಲಿಖಿತ ದೂರನ್ನು ಸ್ಥಳೀಯ ಪ್ರಾಧಿಕಾರ ಮೂರು ತಿಂಗಳಲ್ಲಿ ತೀರ್ಮಾನಿಸಬೇಕು, ಅಲ್ಲೂ ಆಗದಿದ್ದರೆ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಹೋಗಬಹುದು ಎನ್ನುತ್ತದೆ 32ನೇ ಕಲಮು. ಜೂನ್‌ನಲ್ಲಿ ಕೊಟ್ಟ ದೂರಿಗೆ ಸೆಪ್ಟೆಂಬರಿನಲ್ಲಿ ಉತ್ತರ ಬಂದರೆ ದಸರಾ ರಜೆ ಎದುರಿಗೇ ನಿಂತಿರುತ್ತದೆ. ಪ್ರವೇಶದ ದೂರನ್ನು ಬಿ.ಇ.ಓ. ಒಂದು ವಾರದಲ್ಲೇ ಮುಗಿಸಲಿ. ಕಾಯ್ದೆ ಮೂರು ತಿಂಗಳು ಅಂದರೆ ಅಷ್ಟೂ ದಿನ ಎಳೆಯಲೇಬೇಕು ಅಂತಲ್ಲ.

ಅಲ್ಲಿಯವರೆಗೆ ತಾಯಂದಿರು ಒಂದು ಕೆಲಸ ಮಾಡಬಹುದು. ಬಾಗಿಲಲ್ಲಿ ನಿಂತು ಬೇಡುವುದನ್ನು ಬಿಟ್ಟು, ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಒಂದು ಪ್ರತಿ ಇಟ್ಟುಕೊಂಡು, ತಾರೀಕು ಹಾಕಿ ಕೊಡಲಿ. ಬರೆಯಲು ಬಾರದವರಿಗೆ ಅಂಗಡಿಯವರು ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ನಾಲ್ಕು ಸಾಲು ಬರೆದುಕೊಟ್ಟರೆ ವ್ಯಾಪಾರವೇನೂ ಹಾಳಾಗುವುದಿಲ್ಲ.

ಶಾಲೆ ಸರ್ಕಾರದ್ದು, ಸರ್ಕಾರ ಜನರದ್ದು, ಮಗು ಎಲ್ಲರದ್ದು. ನಡುವೆ ಈ ವಾರ್ಡಿನ ಗೆರೆ ಯಾರದ್ದು? ಡಿಡಿಪಿಐ ಸಾಹೇಬರು ಉತ್ತರಿಸುವರೇ?